ಕೈಗೆ ಗೊತ್ತಿರುವ ಜಾಗ

ಕಚೇರಿಗೆ ಹೊಸ ಕಂಪ್ಯೂಟರ್ ಬರುತ್ತದೆ. ಹಳೆಯದಕ್ಕಿಂತ ಚುರುಕು, ಪರದೆಯೂ ಅಗಲ. ಒಳಗಿನ ಸರಂಜಾಮು ಮಾತ್ರ ಹಳೆಯದೇ: ಅದೇ ಬ್ರೌಸರ್, ಅದೇ ನುಡಿ ತಂತ್ರಾಂಶ, ಅದೇ ಎಕ್ಸೆಲ್. ಆದರೂ ಮೊದಲ ಕೆಲವು ದಿನ ಕೆಲಸ ಮುಂದೆ ಸಾಗುವುದಿಲ್ಲ. ವರ್ಷಗಟ್ಟಲೆ ಯೋಚನೆಯಿಲ್ಲದೆ ತೆರೆದ ತಂತ್ರಾಂಶಕ್ಕಾಗಿ ಈಗ ಪರದೆಯೆಲ್ಲ ತಡಕಾಡಬೇಕು. ಮೊಬೈಲ್ ಹಿಡಿದವರಿಗೂ ಇದು ಗೊತ್ತು. ವಾಟ್ಸ್‌ಆ್ಯಪ್ ಗುರುತು ಒಂದು ಸಾಲು ಕೆಳಗಿಳಿದರೆ ಸಾಕು, ಹೆಬ್ಬೆರಳು ವಾರವಾದರೂ ಹಳೆಯ ಜಾಗವನ್ನೇ ಒತ್ತುತ್ತದೆ. ಯಂತ್ರ ಚುರುಕಾದಾಗ ಮನುಷ್ಯ ಯಾಕೆ ನಿಧಾನವಾಗಬೇಕು?

ನಮ್ಮ ವಿಜಯಪುರ ಜಿಲ್ಲೆ ತಿಕೋಟಾ ತಾಲೂಕಿನ ಕಳ್ಳಕವಟಗಿಯ ಕಡೆಯಿಂದ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ದ್ರಾಕ್ಷಿ, ಜೋಳ ಬೆಳೆಯುವ ಸೀಮೆ ಇದು. ಮಹಾರಾಷ್ಟ್ರದ ಗಡಿ ಹತ್ತಿರ. ಇಂಥ ಊರುಗಳಲ್ಲಿ ಹೆಚ್ಚಿನವರಿಗೆ ಕಂಪ್ಯೂಟರ್ ಎಂದರೆ ಮೇಜಿನ ಆಚೆ ಕೂತವರ ಮುಂದಿರುವ ವಸ್ತು. ಈಚೆ ಬದಿಯಲ್ಲಿ ಅವರು ಆಧಾರ್ ಜೆರಾಕ್ಸ್ ಹಿಡಿದು ಪಾಳಿಗೆ ನಿಂತಿರುತ್ತಾರೆ. ಪಹಣಿ ಬೇಕು, ಮಗಳ ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಬೆಳೆ ವಿಮೆಗೆ ಹೆಸರು ಬರೆಸಬೇಕು. ಇಂಥ ಸೇವೆಗಳಿಗೆಂದು 2016ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರಗಳು ಶುರುವಾದವು. 2022ರ ಜನವರಿಯಿಂದ ಗ್ರಾಮ ಒನ್ ಕೇಂದ್ರಗಳು ಜಿಲ್ಲೆ ಜಿಲ್ಲೆಗೆ ಹರಡಿದವು. 2023ರ ಜುಲೈ 19ರಂದು ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ ಈ ಕೇಂದ್ರಗಳ ಮುಂದೆ ಬೆಳಿಗ್ಗೆಯಿಂದಲೇ ಹೆಣ್ಣುಮಕ್ಕಳ ಸಾಲು. ಕೇಂದ್ರದ ಆಪರೇಟರ್ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಿನಕ್ಕೆ 200 ಸಲ ಹಾರುತ್ತಾರೆ ಎಂದಿಟ್ಟುಕೊಳ್ಳಿ. ಪ್ರತಿ ಸಲ 6 ಸೆಕೆಂಡು ಹುಡುಕಾಟಕ್ಕೆ ಹೋದರೆ ದಿನಕ್ಕೆ 20 ನಿಮಿಷ ಹೋಯಿತು. ಹೋದದ್ದು ಆಪರೇಟರ್ ಸಮಯ ಮಾತ್ರವಲ್ಲ. ಕೂಲಿ ಬಿಟ್ಟು ಬಂದು ಪಾಳಿಯಲ್ಲಿ ನಿಂತವರ ಸಮಯವೂ ಹೌದು.

ಆ ಸೆಕೆಂಡುಗಳನ್ನು ಉಳಿಸಲು ಹೊಸದೇನನ್ನೂ ಕೊಳ್ಳಬೇಕಿಲ್ಲ. ಪರದೆಯ ಕೆಳಗಿನ ಅಂಚಿನಲ್ಲಿ ಒಂದು ಪಟ್ಟಿ ಇದೆಯಲ್ಲ, ಟಾಸ್ಕ್‌ಬಾರ್ ಎನ್ನುತ್ತಾರೆ, ಅಷ್ಟೇ ಸಾಕು. ಇಲ್ಲಿ ಅದನ್ನು ಕೆಲಸಪಟ್ಟಿ ಎಂದು ಕರೆಯುತ್ತೇನೆ. ಅದು ಕೈಗೆ ಹತ್ತಿರವಿರುವುದರಿಂದ ಕೆಲಸ ಬೇಗ ಆಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅಳೆದು ನೋಡಿದವರು ಕಂಡದ್ದು ಬೇರೆ.

ಹುಡುಕುವುದು ಬೇರೆ, ತಲುಪುವುದು ಬೇರೆ

ಒಂದು ಗುರುತಿನ ಮೇಲೆ ಕ್ಲಿಕ್ ಮಾಡುವುದು ಒಂದೇ ಕೆಲಸದಂತೆ ಕಾಣುತ್ತದೆ. ಅದರೊಳಗೆ ಎರಡಿವೆ. ಮೊದಲು ಅದು ಎಲ್ಲಿದೆ ಎಂದು ಕಣ್ಣು ಹುಡುಕಬೇಕು, ಆಮೇಲೆ ಕೈ ಅಲ್ಲಿಗೆ ತಲುಪಬೇಕು.

ಎರಡನೆಯದರ ಲೆಕ್ಕವನ್ನು ಚೆನ್ನಾಗಿ ಹಾಕಿಕೊಟ್ಟವರು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ. 1954ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹಳ ಸರಳ. ಮೇಜಿನ ಮೇಲೆ ಎರಡು ಲೋಹದ ಪಟ್ಟಿಗಳು, ಕೈಯಲ್ಲೊಂದು ಕಡ್ಡಿ. ಆ ಪಟ್ಟಿ ಈ ಪಟ್ಟಿ ಎಂದು ಒಂದಾದ ಮೇಲೊಂದನ್ನು ಆದಷ್ಟು ಬೇಗ ತಟ್ಟುತ್ತಿರಬೇಕು. ಫಿಟ್ಸ್ ಪಟ್ಟಿಗಳ ನಡುವಿನ ದೂರವನ್ನೂ ಪಟ್ಟಿಗಳ ಅಗಲವನ್ನೂ ಬದಲಿಸುತ್ತ ಹೋದರು. ದೂರ ಇಮ್ಮಡಿಯಾದರೆ ಸಮಯವೂ ಇಮ್ಮಡಿಯಾಗಬೇಕಲ್ಲ? ಹಾಗಾಗಲಿಲ್ಲ. ದೂರ ಇಮ್ಮಡಿಯಾದಾಗಲೆಲ್ಲ ಸಮಯಕ್ಕೆ ಒಂದು ಚಿಕ್ಕ, ಹೆಚ್ಚುಕಡಿಮೆ ಒಂದೇ ಅಳತೆಯ ತುಣುಕು ಕೂಡುತ್ತಿತ್ತು. ಪಟ್ಟಿಯ ಅಗಲ ಅರ್ಧವಾದಾಗಲೂ ಅಷ್ಟೇ ತುಣುಕು. ದೂರವಿದ್ದರೆ ಕೈ ಮೊದಲು ರಭಸದಿಂದ ಹಾರಿ, ಗುರಿಯ ಹತ್ತಿರ ಬಂದಮೇಲೆ ವೇಗ ತಗ್ಗಿಸಿ ತನ್ನನ್ನು ತಿದ್ದಿಕೊಳ್ಳುತ್ತದೆ. ಹೆಚ್ಚು ಸಮಯ ಬೇಡುವುದು ಆ ಕೊನೆಯ ತಿದ್ದುವಿಕೆ. ಗುರಿ ಕಿರಿದಾದಷ್ಟೂ ಅದು ಕಷ್ಟ.

1978ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸ್ಟುವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್, ಬೆಟ್ಟಿ ಬರ್ ಇದೇ ಲೆಕ್ಕ ಮೌಸಿಗೂ ಹೊಂದುತ್ತದೆ ಎಂದು ತೋರಿಸಿದರು. ಮೌಸಿನಲ್ಲಿ ಆ ತುಣುಕು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಗುರುತು ನಿಮ್ಮ ಮೌಸಿನ ಬಾಣದಿಂದ 10 ಸೆಂಟಿಮೀಟರ್ ದೂರವಿರುವ ಬದಲು 20 ಸೆಂಟಿಮೀಟರ್ ದೂರವಿದ್ದರೆ ನಷ್ಟ ಇಷ್ಟೇ.

ಈಗ ಕಣ್ಣಿನ ಲೆಕ್ಕ ನೋಡೋಣ. ಇಡೀ ಪರದೆ ಒಮ್ಮೆಗೇ ಸ್ಪಷ್ಟವಾಗಿ ಕಾಣುತ್ತಿದೆ ಎಂದು ನಮಗನ್ನಿಸುತ್ತದೆ. ನಿಜದಲ್ಲಿ ಕಣ್ಣು ನಿಚ್ಚಳವಾಗಿ ಕಾಣುವುದು ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗವನ್ನು ಮಾತ್ರ, ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತಲೇ ಇರುತ್ತದೆ. ಡೆಸ್ಕ್‌ಟಾಪ್ ತುಂಬ 40 ಗುರುತುಗಳು ಹರಡಿವೆ, ಬೇಕಾದದ್ದು ಎಲ್ಲಿದೆ ಗೊತ್ತಿಲ್ಲ ಎನ್ನಿ. ಒಂದೊಂದಕ್ಕೆ ಒಂದು ನೋಟ ಎಂದು ಹಿಡಿದರೆ ಸರಾಸರಿ 20 ನೋಟ ಬೇಕು. ಅಂದರೆ ಐದಾರು ಸೆಕೆಂಡು. ಡೆಸ್ಕ್‌ಟಾಪ್ ಮೇಲೆ ಬೇರೆ ಕಿಟಕಿ ತೆರೆದಿದ್ದರೆ ಅದನ್ನು ಸರಿಸುವ ಕೆಲಸ ಬೇರೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತಲುಪುವುದಕ್ಕೆ ಬೀಳುವ ದಂಡ ಸೆಕೆಂಡಿನ ಹತ್ತನೇ ಭಾಗಗಳಲ್ಲಿ, ಹುಡುಕುವುದಕ್ಕೆ ಬೀಳುವ ದಂಡ ಇಡೀ ಸೆಕೆಂಡುಗಳಲ್ಲಿ. ಗುರುತು ಹತ್ತಿರವಿದೆಯೋ ದೂರವಿದೆಯೋ ಎಂಬುದಕ್ಕಿಂತ ಅದು ಎಲ್ಲಿದೆ ಎಂದು ಮೊದಲೇ ಗೊತ್ತಿದೆಯೋ ಇಲ್ಲವೋ ಎಂಬುದು ಎಷ್ಟೋ ಪಾಲು ದೊಡ್ಡ ಸಂಗತಿ. ಆಂಡಿ ಕಾಕ್‌ಬರ್ನ್, ಕಾರ್ಲ್ ಗುಟ್ವಿನ್, ಸಾಲ್ ಗ್ರೀನ್‌ಬರ್ಗ್ 2007ರಲ್ಲಿ ಮೆನುಗಳ ಬಗ್ಗೆ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಹೊಸಬರಿಗೆ ಮೆನುವಿನ ಉದ್ದ ಹೆಚ್ಚಿದಷ್ಟೂ ಸಮಯ ಅದಕ್ಕೆ ತಕ್ಕಂತೆ ಏರುತ್ತ ಹೋಗುತ್ತದೆ. ಜಾಗಗಳನ್ನು ಬಲ್ಲವರಿಗೆ ಮೆನು ಉದ್ದವಾದರೂ ಸಮಯ ಅಲ್ಪಸ್ವಲ್ಪವೇ ಏರುತ್ತದೆ. ಅವರು ಹುಡುಕುತ್ತಿಲ್ಲ, ನೇರವಾಗಿ ತೀರ್ಮಾನಿಸುತ್ತಿದ್ದಾರೆ.

ರೊಟ್ಟಿ ಬಡಿಯುವ ಕೈ

ಜಾಗ ಗೊತ್ತಿರುವುದು ಯಾರಿಗೆ? ಈ ತಿಳಿವಳಿಕೆ ಕೂತಿರುವುದೆಲ್ಲಿ? ನಮ್ಮ ಸೀಮೆಯ ಯಾವ ಅಡುಗೆಮನೆಯಲ್ಲಾದರೂ ಇದಕ್ಕೆ ಉತ್ತರ ಸಿಗುತ್ತದೆ. ಜೋಳದ ರೊಟ್ಟಿ ಬಡಿಯುವವರ ಬಲಕ್ಕೆ ಹಿಟ್ಟಿನ ಡಬ್ಬಿ, ಎಡಕ್ಕೆ ನೀರಿನ ಬಟ್ಟಲು, ಅದರಲ್ಲೊಂದು ಅರಿವೆ ತುಂಡು. ರೊಟ್ಟಿ ತಿರುಗುತ್ತ ಅಗಲವಾಗುತ್ತಿರುವಾಗ ಅವರ ಕಣ್ಣು ಅದರ ಅಂಚಿನ ಮೇಲೆಯೇ ಇರುತ್ತದೆ, ಎಲ್ಲಿ ಸೀಳು ಬಿಡುತ್ತದೋ ಎಂದು. ಆ ಹೊತ್ತಿಗೇ ಒಂದು ಕೈ ಹೋಗಿ ಉದುರುಹಿಟ್ಟು ತರುತ್ತದೆ. ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಇನ್ನೊಂದು ಕೈ ಅರಿವೆ ಎತ್ತಿ ಮೇಲೆ ನೀರು ಸವರುತ್ತದೆ. ಡಬ್ಬಿ ಎಲ್ಲಿ, ಬಟ್ಟಲು ಎಲ್ಲಿ ಎಂದು ಅವರು ನೋಡುವುದಿಲ್ಲ. ಮಾತೂ ನಡೆದಿರುತ್ತದೆ. ನೀರಿನ ಬಟ್ಟಲನ್ನು ಯಾರಾದರೂ ಒಂದು ಗೇಣು ಆಚೆ ಸರಿಸಿದರೆ ಮಾತ್ರ ಕೈ ಬರಿ ನೆಲ ಮುಟ್ಟುತ್ತದೆ. ಕಣ್ಣು ರೊಟ್ಟಿ ಬಿಟ್ಟು ಬಟ್ಟಲನ್ನು ಹುಡುಕಬೇಕು, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಒಣಗುತ್ತದೆ.

ಬಟ್ಟಲು ದೂರವೇನೂ ಹೋಗಿಲ್ಲ. ಇನ್ನೂ ಹತ್ತಿರ ಸರಿಸಿದ್ದರೂ ಇದೇ ಆಗುತ್ತಿತ್ತು. ಕೆಲಸ ಕೆಡಿಸಿದ್ದು ದೂರವಲ್ಲ, ರೂಢಿ ತಪ್ಪಿದ್ದು.

ರೂಢಿ ಕಟ್ಟುವ ಕೆಲಸ ಮಿದುಳಿನ ಆಳದಲ್ಲಿ ನಡೆಯುತ್ತದೆ. ಹೊಸ ಕೆಲಸವನ್ನು ಮೊದಲು ನಾವು ಗಮನವಿಟ್ಟು ಮಾಡುತ್ತೇವೆ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಆಗ ತುಂಬ ದುಡಿಮೆ. ಅದೇ ಸಂದರ್ಭದಲ್ಲಿ ಅದೇ ಚಲನೆ ಮತ್ತೆ ಮತ್ತೆ ನಡೆದರೆ ಅದರ ಉಸ್ತುವಾರಿ ಬರಬರುತ್ತ ತಳಗಂಟುಗಳಿಗೆ ಹೋಗುತ್ತದೆ. ಬೇಸಲ್ ಗ್ಯಾಂಗ್ಲಿಯಾ ಎಂದು ವೈದ್ಯರು ಹೇಳುವ ನರಕೋಶಗಳ ಗುಂಪು ಅದು. ಅಲ್ಲಿಗೆ ಇಳಿದ ಕೆಲಸಕ್ಕೆ ಗಮನ ಹೆಚ್ಚು ಬೇಕಿಲ್ಲ. ಆದರೆ ಒಂದು ಷರತ್ತಿದೆ: ಪ್ರತಿ ಸಲವೂ ಅದೇ ಚಲನೆ ಅದೇ ಫಲ ಕೊಡಬೇಕು. ಜಾಗ ದಿನಕ್ಕೊಂದಾದರೆ ಚಲನೆಯೂ ದಿನಕ್ಕೊಂದಾಗುತ್ತದೆ, ರೂಢಿ ಕಟ್ಟುವುದೇ ಇಲ್ಲ. ಒಮ್ಮೆ ಕಟ್ಟಿದ ರೂಢಿ ಸುಲಭವಾಗಿ ಅಳಿಯುವುದೂ ಇಲ್ಲ. ಹೊಸ ಜಾಗ ಕಲಿತ ಮೇಲೂ ಅವಸರದಲ್ಲಿ, ದಣಿವಿನಲ್ಲಿ ಕೈ ಹಳೆಯ ಜಾಗಕ್ಕೆ ಹೋಗುತ್ತದೆ.

ವಿಮಾನದಲ್ಲಿ ಕಂಡ ತಪ್ಪು

ಮೇಲೆ ಹೇಳಿದ ಪಾಲ್ ಫಿಟ್ಸ್ ಅವರೇ ಇದನ್ನು ಬಹಳ ಗಂಭೀರವಾದ ಕಡೆ ಕಂಡಿದ್ದರು. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ‘ಪೈಲಟ್ ತಪ್ಪು’ ಎಂಬ ಷರಾ ಬಿದ್ದ ಅವಘಡಗಳು ಬಹಳ ಇದ್ದವು. 1947ರಲ್ಲಿ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಅಂಥ 460 ಅನುಭವಗಳನ್ನು ಸಂಗ್ರಹಿಸಿ ವಿಂಗಡಿಸಿದರು. ಅರ್ಧದಷ್ಟು ಒಂದೇ ಬಗೆಯವು: ಒಂದು ಹಿಡಿಕೆಯ ಬದಲು ಇನ್ನೊಂದು ಹಿಡಿಕೆ ಎಳೆದದ್ದು.

ಕಾರಣ ಅವರ ವರದಿಯಲ್ಲೇ ಇದೆ. ವಿಮಾನದ ಎಂಜಿನ್ ನಡೆಸಲು ಮೂರು ಹಿಡಿಕೆ: ಶಕ್ತಿಗೊಂದು, ಪ್ರೊಪೆಲರಿಗೊಂದು, ಇಂಧನದ ಮಿಶ್ರಣಕ್ಕೊಂದು. ಬಿ-25 ವಿಮಾನದಲ್ಲಿ ಎಡದಿಂದ ಬಲಕ್ಕೆ ಶಕ್ತಿ, ಪ್ರೊಪೆಲರ್, ಮಿಶ್ರಣ. ಸಿ-47ರಲ್ಲಿ ಪ್ರೊಪೆಲರ್, ಶಕ್ತಿ, ಮಿಶ್ರಣ. ಸಿ-82ರಲ್ಲಿ ಮಿಶ್ರಣ, ಶಕ್ತಿ, ಪ್ರೊಪೆಲರ್. ಒಂದರಲ್ಲಿ ಪಳಗಿದ ಪೈಲಟ್ ಇನ್ನೊಂದನ್ನು ಹತ್ತಿ ಇಳಿಯುವ ಗಡಿಬಿಡಿಯಲ್ಲಿದ್ದಾಗ ಕೈ ತಾನು ಕಲಿತ ಜಾಗಕ್ಕೇ ಹೋಯಿತು. ಫಿಟ್ಸ್ ಮತ್ತು ಜೋನ್ಸ್ ಪೈಲಟ್‌ಗಳನ್ನು ಬೈಯಲಿಲ್ಲ. ಹಿಡಿಕೆಗಳ ಜಾಗವನ್ನು ಎಲ್ಲ ವಿಮಾನಗಳಲ್ಲೂ ಒಂದೇ ರೀತಿ ಇಡಿ ಎಂದರು. ಕಂಪ್ಯೂಟರ್ ಮುಂದೆ ಕೂತವರು ತಪ್ಪು ಒತ್ತಿದಾಗ ‘ಇವರಿಗೆ ಬರುವುದಿಲ್ಲ’ ಎನ್ನುವವರು ಈ ವರದಿಯನ್ನು ಓದಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಲಿತವರ ಕೈಯೇ ಹೀಗೆ ತಪ್ಪುವುದು. ಕಲಿಯದವರು ಹೇಗೂ ನೋಡಿಕೊಂಡೇ ಒತ್ತುತ್ತಾರೆ.

ಬಿಜಾಪುರ ಕೆಳಗಿಳಿದ ಬಗೆ

ನಮ್ಮ ಜಿಲ್ಲೆಯವರು ಇದನ್ನು ಪರದೆಯ ಮೇಲೆಯೇ ಕಂಡಿದ್ದಾರೆ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ ಆರಿಸುವ ಪಟ್ಟಿ ಸಾಮಾನ್ಯವಾಗಿ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿರುತ್ತದೆ. ಬಿ ಅಕ್ಷರದ ಬಿಜಾಪುರ ಪಟ್ಟಿಯ ಮೇಲ್ಭಾಗದಲ್ಲಿ ಬಾಗಲಕೋಟೆ, ಬೀದರುಗಳ ಜೊತೆಗಿತ್ತು. ವಿ ಅಕ್ಷರದ ವಿಜಯಪುರ ತಳಕ್ಕೆ, ಉತ್ತರ ಕನ್ನಡ ಮತ್ತು ಯಾದಗಿರಿಗಳ ನಡುವೆ ಹೋಗಿ ಕೂತಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಅದರ ಮೇಲಿನ ಸಾಲಿನಲ್ಲೇ ಹೆಚ್ಚುಕಡಿಮೆ ಅದೇ ಆಕಾರದ ಇನ್ನೊಂದು ಹೆಸರು ಬಂತು. ಪಟ್ಟಿಯನ್ನು ಅವಸರದಲ್ಲಿ ಇಳಿಸುವವರ ಕ್ಲಿಕ್ ಪಕ್ಕದ ಸಾಲಿನ ಜಿಲ್ಲೆಯ ಮೇಲೆ ಬೀಳಲು ಇಷ್ಟು ಸಾಕು.

ತಾಲೂಕಿನ ಪಟ್ಟಿಯೂ ಬದಲಾಯಿತು. ತಿಕೋಟಾ, ಬಬಲೇಶ್ವರಗಳು ಹೊಸ ತಾಲೂಕುಗಳೆಂದು 2017ರಲ್ಲಿ ಘೋಷಣೆಯಾದವು. ಅಲ್ಲಿಯವರೆಗೆ ಕಳ್ಳಕವಟಗಿಯ ಅರ್ಜಿಗೆ ಜಿಲ್ಲೆಯ ಹೆಸರನ್ನೇ ತಾಲೂಕಿನ ಜಾಗದಲ್ಲೂ ಒತ್ತುತ್ತಿದ್ದ ಕೈ ಈಗ ತಿಕೋಟಾ ಹುಡುಕಬೇಕು. ಹೆಸರು ಬದಲಿಸುವುದು ಸರ್ಕಾರದ ಒಂದು ಆದೇಶದಿಂದ ಆಗುವ ಕೆಲಸ. ಕೈಯ ರೂಢಿ ಬದಲಾಗಲು ಅಷ್ಟು ಸಾಲದು.

ತಾನೇ ಜಾಗ ಬದಲಿಸಿದ ಮೆನು

ಬಳಕೆದಾರರು ಹೆಚ್ಚು ಬಳಸುವುದನ್ನು ಯಂತ್ರವೇ ಲೆಕ್ಕ ಹಿಡಿದು ಮೇಲೆ ತಂದರೆ ಹೇಗೆ? ಕೇಳಲು ಚೆನ್ನಾಗಿದೆ. ಯಾರ ಕಂಪ್ಯೂಟರ್ ಬಳಕೆ ನೋಡಿದರೂ ಬೆರಳೆಣಿಕೆಯ ಕೆಲವು ತಂತ್ರಾಂಶಗಳೇ ದಿನದ ಹೆಚ್ಚಿನ ಪಾಲನ್ನು ತಿನ್ನುತ್ತವೆ. ಉಳಿದವು ತಿಂಗಳಿಗೊಮ್ಮೆ ಬೇಕಾಗುವಂಥವು. ಮೈಕ್ರೋಸಾಫ್ಟ್ ಈ ಆಲೋಚನೆಯನ್ನು ಆಫೀಸ್ 2000ದಲ್ಲಿ ಜಾರಿಗೆ ತಂದಿತು. ಅದರ ಮೆನುಗಳು ಕಡಿಮೆ ಬಳಸಿದ ಆಜ್ಞೆಗಳನ್ನು ಮರೆಮಾಡಿ ಹೆಚ್ಚು ಬಳಸಿದವನ್ನಷ್ಟೇ ತೋರಿಸುತ್ತಿದ್ದವು. ಸ್ವಲ್ಪ ಕಾದರೆ ಅಥವಾ ಕೆಳಗಿನ ಬಾಣ ಒತ್ತಿದರೆ ಪೂರ್ತಿ ಮೆನು ಬಿಚ್ಚಿಕೊಳ್ಳುತ್ತಿತ್ತು. ಆಗ ಆಜ್ಞೆಗಳ ಸಾಲು ಕೆಳಗೆ ಜರುಗಿ, ನಿನ್ನೆ ಮೂರನೆಯದಾಗಿದ್ದದ್ದು ಇಂದು ಆರನೆಯದಾಗುತ್ತಿತ್ತು. ಜನಕ್ಕೆ ಇದು ಹಿಡಿಸಲಿಲ್ಲ. ಆಫೀಸ್ 2007ರ ಹೊಸ ವಿನ್ಯಾಸದಲ್ಲಿ ಈ ಏರ್ಪಾಟು ಇರಲಿಲ್ಲ.

ಯಂತ್ರದ ಎಣಿಕೆ ಸರಿಯಾಗಿಯೇ ಇತ್ತು, ಆದರೆ ಅದು ಉಳಿಸಲು ಹೊರಟದ್ದು ತಲುಪುವ ಸಮಯವನ್ನು, ಕಳೆದದ್ದು ಜಾಗದ ತಿಳಿವಳಿಕೆಯನ್ನು. ಕೀಲಿಮಣೆಯನ್ನು ನೆನೆದರೆ ಸಾಕು. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿವಿನ್ಯಾಸದಲ್ಲಿ, ಅದನ್ನು ಬಳಸುವ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ವೇಗವಾಗಿ ಬೆರಳಚ್ಚು ಮಾಡುವವರು ಕೀಲಿಗಳನ್ನು ನೋಡುವುದೇ ಇಲ್ಲ. ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಲು ನುಡಿಯಲ್ಲಿ ಒತ್ತುವ ಸ್ಕ್ರೋಲ್ ಲಾಕ್ ಕೀಲಿಯೂ ಕೈಗೆ ತಾನಾಗಿ ಸಿಗುತ್ತದೆ. ಆ ಅಕ್ಷರಗಳು ನಿನ್ನೆಯ ಬಳಕೆಯ ಪ್ರಕಾರ ಇಂದು ಸ್ಥಾನ ಬದಲಿಸಿದ್ದರೆ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ.

ಕೆಲಸಪಟ್ಟಿ ಬಂದದ್ದು

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಕೆಲಸಪಟ್ಟಿ ಮತ್ತು ಸ್ಟಾರ್ಟ್ ಗುಂಡಿ ಒಟ್ಟಿಗೆ ಬಂದವು. ಅದಕ್ಕೆ ಮೊದಲಿನ ವಿಂಡೋಸ್‌ನಲ್ಲಿ ಕಿರಿದು ಮಾಡಿದ ತಂತ್ರಾಂಶ ಪುಟ್ಟ ಗುರುತಾಗಿ ಪರದೆಯ ತಳದಲ್ಲಿ ಬೀಳುತ್ತಿತ್ತು, ಅದರ ಮೇಲೆ ಬೇರೆ ಕಿಟಕಿ ಕೂತರೆ ಕಾಣುತ್ತಿರಲಿಲ್ಲ. ತೆರೆದದ್ದು ಮುಚ್ಚಿಹೋಯಿತೆಂದು ತಿಳಿದು ಅದನ್ನೇ ಇನ್ನೊಮ್ಮೆ ತೆರೆಯುವವರಿದ್ದರು. ಹೊಸ ಪಟ್ಟಿ ಯಾವ ಕಿಟಕಿಯ ಹಿಂದೆಯೂ ಅಡಗದೆ ಒಂದೇ ಕಡೆ ನಿಂತಿತು. ಮೈಕ್ರೋಸಾಫ್ಟ್‌ನದೇ ಬ್ರೌಸರಿನ ನಾಲ್ಕನೇ ಆವೃತ್ತಿಯ ಜೊತೆ, ಆಮೇಲೆ ವಿಂಡೋಸ್ 98ರಲ್ಲಿ, ಕ್ವಿಕ್ ಲಾಂಚ್ ಎಂಬ ಪುಟ್ಟ ಸಾಲು ಸೇರಿತು. 2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7 ಎರಡನ್ನೂ ಕೂಡಿಸಿತು: ತಂತ್ರಾಂಶದ ಗುರುತನ್ನು ಪಟ್ಟಿಯಲ್ಲೇ ಪಿನ್ ಮಾಡಿ ಕೂರಿಸಬಹುದು, ತಂತ್ರಾಂಶ ಮುಚ್ಚಿದ್ದರೂ ತೆರೆದಿದ್ದರೂ ಗುರುತು ಇರುವ ಜಾಗ ಒಂದೇ.

ಪಟ್ಟಿ ಅಂಚಿನಲ್ಲಿರುವುದರಿಂದಲೂ ಒಂದು ಲಾಭವಿದೆ. ಬಾಣವನ್ನು ಎಷ್ಟು ಜೋರಾಗಿ ಕೆಳಕ್ಕೆ ಎಸೆದರೂ ಅದು ಪರದೆಯ ಅಂಚು ದಾಟುವುದಿಲ್ಲ. ಫಿಟ್ಸ್ ಲೆಕ್ಕದಲ್ಲಿ ದುಬಾರಿಯಾಗಿದ್ದ ಕೊನೆಯ ತಿದ್ದುವಿಕೆ ಇಲ್ಲಿ ಮೇಲೆ-ಕೆಳಗಿನ ದಿಕ್ಕಿನಲ್ಲಿ ಬೇಕಾಗಿಲ್ಲ. ಎಡ-ಬಲ ನೋಡಿಕೊಂಡರೆ ಸಾಕು. ಮೂಲೆಯಲ್ಲಿರುವ ಗುರುತಿಗೆ ಅದೂ ಬೇಡ.

ಇಲ್ಲಿ ಒಂದು ಭಯವನ್ನು ಕಳೆಯಬೇಕು. ಡೆಸ್ಕ್‌ಟಾಪ್ ಮೇಲಿನ ಗುರುತಿನ ಎಡಮೂಲೆಯಲ್ಲಿ ಪುಟ್ಟ ಬಾಣವಿದ್ದರೆ ಅದು ಶಾರ್ಟ್‌ಕಟ್, ನಮ್ಮ ಮಾತಿನಲ್ಲಿ ಒಳದಾರಿ. ತಂತ್ರಾಂಶ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿಳಾಸ ಬರೆದುಕೊಂಡ ಚಿಕ್ಕ ಕಡತ ಅದು. ಅಳಿಸಿದರೆ ವಿಳಾಸದ ಚೀಟಿ ಹೋಗುತ್ತದೆ, ತಂತ್ರಾಂಶ ಇದ್ದಲ್ಲೇ ಇರುತ್ತದೆ. ಪಟ್ಟಿಯಿಂದ ಒಂದು ಗುರುತನ್ನು ಕಿತ್ತರೂ ಅಷ್ಟೇ. ‘ಏನಾದರೂ ಹೋದೀತು’ ಎಂದು ಹೆದರಿ ಎಷ್ಟೋ ಕಚೇರಿಗಳಲ್ಲಿ ಯಂತ್ರ ಬಂದ ದಿನದ ಸಾಲನ್ನೇ ವರ್ಷಾನುಗಟ್ಟಲೆ ಮುಟ್ಟದೆ ಬಿಟ್ಟಿರುತ್ತಾರೆ. ಒಂದು ದಿನವೂ ತೆರೆಯದ ಆಟಗಳ, ಅಂಗಡಿಗಳ ಗುರುತು ಅಲ್ಲಿ ಒಳ್ಳೆಯ ಜಾಗಗಳನ್ನು ಹಿಡಿದು ಕೂತಿರುತ್ತದೆ.

ಸಾಲು ಕಟ್ಟುವುದು

ಮೊದಲು ಕೀಳುವುದು. ಬೇಡದ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಅನ್‌ಪಿನ್ ಫ್ರಂ ಟಾಸ್ಕ್‌ಬಾರ್’ ಆರಿಸಬೇಕು. ಬೇಕಾದ ತಂತ್ರಾಂಶವನ್ನು ಒಮ್ಮೆ ತೆರೆದು, ಪಟ್ಟಿಯಲ್ಲಿ ಕಾಣುವ ಅದರ ಗುರುತಿನ ಮೇಲೆ ಬಲಗುಂಡಿ ಒತ್ತಿದರೆ ‘ಪಿನ್ ಟು ಟಾಸ್ಕ್‌ಬಾರ್’ ಸಿಗುತ್ತದೆ. ಆಮೇಲೆ ಎಳೆದು ಸರಿಸಿ ಕ್ರಮ ಹಚ್ಚಬಹುದು.

ಯಾವ ಕ್ರಮ? ಅರ್ಜಿಯೊಂದು ಸಾಗುವ ಕ್ರಮವೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಸೇವಾ ಕೇಂದ್ರವಾದರೆ ಮೊದಲು ಅರ್ಜಿ ಹಾಕುವ ಸೇವಾ ಸಿಂಧು ಜಾಲತಾಣ, ನಂತರ ಪಹಣಿಯ ಭೂಮಿ ಜಾಲತಾಣ, ನಂತರ ಸ್ಕ್ಯಾನರ್, ಸ್ಕ್ಯಾನ್ ಮಾಡಿದ ಕಡತಗಳಿರುವ ಫೋಲ್ಡರ್ ತೆರೆಯಲು ಫೈಲ್ ಎಕ್ಸ್‌ಪ್ಲೋರರ್, ಕೊನೆಗೆ ಬರವಣಿಗೆಯ ತಂತ್ರಾಂಶ. ಜಾಲತಾಣವನ್ನೂ ಪಟ್ಟಿಗೆ ಸೇರಿಸಬಹುದು. ಎಡ್ಜ್ ಬ್ರೌಸರಿನಲ್ಲಿ ಪುಟ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ‘ಮೋರ್ ಟೂಲ್ಸ್’ ಒಳಗೆ ಹೋದರೆ ‘ಪಿನ್ ಟು ಟಾಸ್ಕ್‌ಬಾರ್’ ಇರುತ್ತದೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ, ಅದು ವೇಗಕ್ಕಿಂತ ದೊಡ್ಡದು. ಪ್ರತಿ ಸಲ ಗೂಗಲ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಸರ್ಕಾರಿ ತಾಣದಂತೆ ಕಾಣುವ ನಕಲಿ ತಾಣವೂ ಎದುರಾಗಬಹುದು. ಒಮ್ಮೆ ತಾಣದ ಹೆಸರಿನ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ನೋಡಿ ಕೂರಿಸಿಬಿಟ್ಟರೆ ಆ ಅಪಾಯ ದೂರ.

ಸಾಲು ಹತ್ತರೊಳಗಿರಲಿ. ಅದಕ್ಕೊಂದು ಕಾರಣವಿದೆ. ಕೀಲಿಮಣೆಯ ವಿಂಡೋಸ್ ಕೀಲಿ ಹಿಡಿದು 1 ಒತ್ತಿದರೆ ಸಾಲಿನ ಮೊದಲ ತಂತ್ರಾಂಶ ತೆರೆಯುತ್ತದೆ, 2 ಒತ್ತಿದರೆ ಎರಡನೆಯದು, ಹೀಗೆ 9ರವರೆಗೆ. 0 ಒತ್ತಿದರೆ ಹತ್ತನೆಯದು. ಮೌಸ್ ಮುಟ್ಟುವುದೇ ಬೇಡ. ಒಂದರಿಂದ ಐದರವರೆಗೆ ಎಡಗೈಯೊಂದೇ ಸಾಕು, ಆ ಹೊತ್ತಿಗೆ ಬಲಗೈ ಮುಂದಿನವರ ಕಾಗದ ತೆಗೆದುಕೊಳ್ಳಬಹುದು. ಆದ್ದರಿಂದ ದಿನವಿಡೀ ಬೇಕಾಗುವ ಐದನ್ನು ಮೊದಲ ಐದು ಜಾಗಗಳಲ್ಲಿಡಿ. ಖಾಲಿ ಅರ್ಜಿ ನಮೂನೆಯಂಥ ಕಡತಗಳಿಗೆ ಬೇರೆ ಉಪಾಯವಿದೆ. ವರ್ಡ್ ಗುರುತಿನ ಮೇಲೆ ಬಲಗುಂಡಿ ಒತ್ತಿದರೆ ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ ಮೇಲೇಳುತ್ತದೆ. ಬೇಕಾದ ಕಡತದ ಪಕ್ಕದ ಪಿನ್ ಚಿಹ್ನೆ ಒತ್ತಿದರೆ ಅದು ಆ ಪಟ್ಟಿಯ ತಲೆಯಲ್ಲಿ ಖಾಯಂ ಆಗಿ ನಿಲ್ಲುತ್ತದೆ.

ಈಗ ವಿಂಡೋಸ್ 11 ಬಳಸುವವರು ತಪ್ಪದೆ ಗಮನಿಸಬೇಕಾದ ಒಂದು ಮಾತು. 2021ರ ಅಕ್ಟೋಬರ್ 5ರಂದು ಬಂದ ಈ ಆವೃತ್ತಿಯಲ್ಲಿ ಗುರುತುಗಳು ಪಟ್ಟಿಯ ನಡುವೆ ಗುಂಪಾಗಿರುತ್ತವೆ. ನೋಡಲು ಚೆಂದ. ಆದರೆ ಸಾಲಿನಲ್ಲಿಲ್ಲದ ಯಾವುದೋ ತಂತ್ರಾಂಶ ತೆರೆದ ಕೂಡಲೇ ಅದರ ಗುರುತು ಬಲಕ್ಕೆ ಸೇರುತ್ತದೆ, ಗುಂಪು ನಡುವೆಯೇ ಉಳಿಯಬೇಕಾದ್ದರಿಂದ ಇಡೀ ಸಾಲು ಅರ್ಧ ಗುರುತಿನಷ್ಟು ಎಡಕ್ಕೆ ಜರುಗುತ್ತದೆ. ಇನ್ನೊಂದು ತೆರೆದರೆ ಇನ್ನರ್ಧ. ಸ್ಟಾರ್ಟ್ ಗುಂಡಿಯೂ ಅದರ ಜೊತೆಗೇ ಹೋಗುತ್ತದೆ. ಕೈ ಜಾಗ ಕಲಿಯುವ ಹೊತ್ತಿಗೆ ಜಾಗ ಅಲ್ಲಿರುವುದಿಲ್ಲ. ಮೂಲೆಯ ಲಾಭವೂ ಹೋಯಿತು. ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ‘ಟಾಸ್ಕ್‌ಬಾರ್ ಸೆಟ್ಟಿಂಗ್ಸ್’ ತೆರೆದು, ‘ಟಾಸ್ಕ್‌ಬಾರ್ ಬಿಹೇವಿಯರ್ಸ್’ ಒಳಗಿನ ‘ಟಾಸ್ಕ್‌ಬಾರ್ ಅಲೈನ್‌ಮೆಂಟ್’ನಲ್ಲಿ ‘ಲೆಫ್ಟ್’ ಆರಿಸಿದರೆ ಸಾಲು ಎಡಮೂಲೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತೆರೆಯುವುದೆಲ್ಲ ಬಲತುದಿಗೆ ಸೇರುತ್ತದೆ, ಕೂರಿಸಿದ ಗುರುತುಗಳು ಕದಲುವುದಿಲ್ಲ. ಗುರುತಿನ ಪಕ್ಕ ಹೆಸರನ್ನೂ ತೋರಿಸುವ ಆಯ್ಕೆಯನ್ನು ಆರಿಸಿಕೊಂಡಿದ್ದರೆ ಅದನ್ನೂ ಬಿಡುವುದು ಲೇಸು. ತಂತ್ರಾಂಶ ತೆರೆದಾಗ ಹೆಸರಿಗಾಗಿ ಗುಂಡಿ ಅಗಲವಾಗಿ ಬಲಕ್ಕಿರುವುದನ್ನೆಲ್ಲ ತಳ್ಳುತ್ತದೆ.

ಒಮ್ಮೆ ಕಟ್ಟಿದ ಸಾಲನ್ನು ಮತ್ತೆ ಮತ್ತೆ ಚೆಂದಗಾಣಿಸಲು ಹೋಗಬಾರದು. ಎರಡನೆಯದು ಮೂರನೆಯದಕ್ಕಿಂತ ಈಗ ಕಡಿಮೆ ಬಳಕೆಯಾಗುತ್ತಿದೆ ಎಂದು ಅದಲು ಬದಲು ಮಾಡಿದರೆ ಸಿಗುವುದು ಏನೂ ಇಲ್ಲ, ಕಳೆಯುವುದು ರೂಢಿ. ಹೊಸದೊಂದು ಬೇಕಾದರೆ ಕೊನೆಯಲ್ಲಿ ಸೇರಿಸಿ. ನಡುವಿನದು ಬೇಡವಾದರೆ ಅದನ್ನು ತೆಗೆದು ಅದೇ ಜಾಗಕ್ಕೆ ಸಾಲಿನ ಕೊನೆಯಿಂದ ಬೇರೊಂದನ್ನು ಎಳೆದು ತನ್ನಿ. ಬರಿದೇ ಕಿತ್ತರೆ ಬಲಕ್ಕಿರುವುದೆಲ್ಲ ಒಂದು ಮನೆ ಎಡಕ್ಕೆ ಸರಿದು ಅಂಕಿಗಳೂ ಬದಲಾಗುತ್ತವೆ.

ಒಂದೇ ಯಂತ್ರವನ್ನು ಇಬ್ಬರು ಪಾಳಿಯಲ್ಲಿ ಬಳಸುವ ಕಡೆ ತೊಂದರೆ ಇನ್ನೊಂದು ಬಗೆಯದು. ಬೆಳಿಗ್ಗೆ ಒಬ್ಬರು ತಮಗೆ ಬೇಕಾದಂತೆ ಸಾಲು ಸರಿಸುತ್ತಾರೆ, ಮಧ್ಯಾಹ್ನ ಬಂದವರು ಅದನ್ನು ಮತ್ತೆ ಸರಿಸುತ್ತಾರೆ. ಇಬ್ಬರ ಕೈಯೂ ಏನನ್ನೂ ಕಲಿಯುವುದಿಲ್ಲ. ವಿಂಡೋಸ್ ಕೆಲಸಪಟ್ಟಿಯನ್ನು ಯಂತ್ರದ ಲೆಕ್ಕದಲ್ಲಿ ಇಡುವುದಿಲ್ಲ, ಲಾಗಿನ್ ಆದವರ ಲೆಕ್ಕದಲ್ಲಿ ಇಡುತ್ತದೆ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಭಾಗದಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟರೆ ಒಬ್ಬೊಬ್ಬರಿಗೂ ಅವರವರ ಸಾಲು ಅವರು ಇಟ್ಟಂತೆಯೇ ಸಿಗುತ್ತದೆ.